ಮುಷ್ಟಿ ಹಿಡಿಸಿದೆ, ನೋಡಲಿಲ್ಲ

ಕಾಸರಗೋಡಿನ ಒಂದು ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್. ‘ಮುಷ್ಟಿ ಹಿಡೀರಿ’ ಅಂತ ದಿನವಿಡೀ ಹೇಳುತ್ತೇನೆ, ಕನ್ನಡ, ತುಳು, ಮಲಯಾಳ ಮೂರರಲ್ಲೂ. ಆದರೆ ಮುಷ್ಟಿ ನೋಡುವುದಿಲ್ಲ. ಕಣ್ಣೆಲ್ಲ ನರದ ಮೇಲೆ.

ಬದಿಯಡ್ಕ ಕಡೆಯ ಹತ್ತು ವರ್ಷದ ಹುಡುಗ ಬಂದಿದ್ದ. ಕೈಕಾಲು ಸೆಡೆತ. ನರ ಸಿಗದೆ ಪಟ್ಟಿಯನ್ನು ಜಾಸ್ತಿ ಹೊತ್ತು ಕಟ್ಟಿಟ್ಟೆ. ಮಣಿಕಟ್ಟು ಮಡಚಿತು, ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ‘ಸಡಿಲ ಬಿಡು ಮಗಾ, ಎಂತ ಹೆದರಿಕೆ?’ ಎಂದು ಗದರಿದೆ. ಹೆದರಿಕೆಯಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಹೀಗೆ ಆಗುತ್ತದೆ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ!

ಕ್ಯಾಲ್ಸಿಯಂ 6.1 ಬಂತು, ತೀರಾ ಕಡಿಮೆ. ಮೊದಲು ಬೈದದ್ದು ಹೊಸದಾಗಿ ಸೇರಿದ ಹುಡುಗಿಗೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕಿರುವ, ಪೊಟ್ಯಾಸಿಯಂ ಇರುವ ಇಡಿಟಿಎ ಬೆರೆತರೆ ಕ್ಯಾಲ್ಸಿಯಂ ಸುಳ್ಳೇ ಇಳಿಯುತ್ತದೆ. ಅವಳು ಮೆಲ್ಲಗೆ, ‘ಹಾಗಾದ್ರೆ ಪೊಟ್ಯಾಸಿಯಂ ಏರಬೇಕಿತ್ತಲ್ವಾ ಅಕ್ಕಾ?’ ಅಂದಳು. ಅದು 4.2, ಸರಿಯಾಗೇ ಇತ್ತು. ಫಾಸ್ಫರಸ್ ಮಾತ್ರ ಜಾಸ್ತಿ, 7.8. ಕ್ರಿಯಾಟಿನಿನ್ ಸರಿ, ಅಂದರೆ ಕಿಡ್ನಿ ಕೆಟ್ಟಿಲ್ಲ.

ಹೊರಗೆ ಕಳಿಸಿದ್ದ ಪ್ಯಾರಾಥೈರಾಯ್ಡ್ ಹಾರ್ಮೋನಿನ ವರದಿ ಬಂತು. 65 ದಾಟಬಾರದ್ದು 310. ಕ್ಯಾಲ್ಸಿಯಂ ಏರಿಸುವ ಹಾರ್ಮೋನು ಇಷ್ಟಿದ್ದೂ ಕ್ಯಾಲ್ಸಿಯಂ ಇಲ್ಲ! ಡಾಕ್ಟರಿಗೆ ಫೋನ್ ಮಾಡಿದೆ. ‘ಮುಷ್ಟಿ ನೋಡಿದ್ರಾ?’ ಅಂತ ಅವರೇ ಕೇಳಿದರು. ನಾಲ್ಕನೇ ಬೆರಳಿನ ಗೆಣ್ಣು ಇರಬೇಕಾದಲ್ಲಿ ಗುಳಿ ಇತ್ತಂತೆ. ಅದು ಸ್ಯೂಡೋಹೈಪೋಪ್ಯಾರಾಥೈರಾಯ್ಡಿಸಮ್‌ನ ಗುರುತು. ಹಾರ್ಮೋನು ಇದ್ದರೂ ದೇಹ ಅದರ ಮಾತು ಕೇಳದ, ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ 1942ರಲ್ಲೇ ವಿವರಿಸಿದ ಕಾಯಿಲೆ.

ತೊಂದರೆ 20ನೇ ಕ್ರೋಮೋಸೋಮಿನ ಜಿಎನ್‌ಎಎಸ್ ಜೀನಿನಲ್ಲಿ. ಹೊರಗಿನ ಸಂದೇಶವನ್ನು ಜೀವಕೋಶದೊಳಗೆ ದಾಟಿಸುವ ಜಿ ಪ್ರೋಟೀನಿನ ಆಲ್ಫಾ ಭಾಗವನ್ನು ಮಾಡಿಸುವುದು ಅದು. ಹಾರ್ಮೋನು ಜೀವಕೋಶದ ಹೊರಗೆ ಬಂದು ಕೂತಾಗ, ಈ ಭಾಗ ಜಿಟಿಪಿ ಎಂಬ ಅಣುವನ್ನು ಹಿಡಿದುಕೊಂಡು ಒಳಗಿನ ಕಿಣ್ವವನ್ನು ಎಬ್ಬಿಸಬೇಕು. ಆಗ ಸೈಕ್ಲಿಕ್ ಎಎಂಪಿ ಎಂಬ ಒಳಸಂದೇಶ ಹುಟ್ಟುತ್ತದೆ, ಕಿಡ್ನಿ ಫಾಸ್ಫರಸ್ ಹೊರಗೆ ಹಾಕುತ್ತದೆ. ಈ ಹುಡುಗನಲ್ಲಿ ಬೆಲ್ ಒತ್ತುತ್ತಲೇ ಇದ್ದಾರೆ, ವಯರೇ ಕಟ್.

ಕ್ಯಾಲ್ಸಿಯಂ, ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಸಕ್ರಿಯ ರೂಪ) ಶುರುವಾದ ಮೇಲೆ ಮತ್ತೆ ರಕ್ತ ಕೊಡಲು ಬಂದ. ಈ ಸಲ ಕೈ ಮಡಚಲಿಲ್ಲ. ಅವನ ಅಮ್ಮನ ರಕ್ತವನ್ನೂ ಪರೀಕ್ಷಿಸಲು ಡಾಕ್ಟರು ಬರೆದಿದ್ದರು. ಅವರು ಮುಷ್ಟಿ ಹಿಡಿದಾಗ ಅದೇ ಗುಳಿ, ಅದೇ ಬೆರಳಿನಲ್ಲಿ. ಕ್ಯಾಲ್ಸಿಯಂ ಮಾತ್ರ 9.4, ಸರಿಯಾಗೇ ಇತ್ತು. ಫಾಸ್ಫರಸ್ ಹೊರಹಾಕುವ ಕಿಡ್ನಿಯ ಭಾಗದಲ್ಲಿ ಈ ಜೀನಿನ ಎರಡು ಪ್ರತಿಗಳಲ್ಲಿ ಅಪ್ಪನಿಂದ ಬಂದದ್ದು ಹೆಚ್ಚುಕಡಿಮೆ ಮೌನ, ಕೆಲಸ ಮಾಡುವುದು ಅಮ್ಮನಿಂದ ಬಂದದ್ದು. ಇವರಿಗೆ ಕೆಟ್ಟ ಪ್ರತಿ ಬಂದದ್ದು ಅಪ್ಪನಿಂದ ಇರಬೇಕು ಅಂದರು ಡಾಕ್ಟರು. ‘ನನ್ನ ಅಪ್ಪನ ಬೆರಳೂ ಹೀಗೇ ಇತ್ತು’ ಅಂತ ಆಯಮ್ಮ ಕೈ ತಿರುಗಿಸಿ ನೋಡಿಕೊಂಡರು.