ದೂರು ಕೊಟ್ಟವನನ್ನೇ ರಾತ್ರಿ ಪಾಳಿಗೆ ಹಾಕಿದ್ದೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಎರಕದ ಒರಟು ಅಂಚು ಉಜ್ಜಿ ತೆಗೆಯುವ ಫೆಟ್ಲಿಂಗ್ ವಿಭಾಗದ ಉಸ್ತುವಾರಿ ನನಗಿದ್ದಾಗ, ಹೊಸದಾಗಿ ಸೇರಿದ್ದ ಐಟಿಐ ಹುಡುಗನೊಬ್ಬ ಪಾಳಿ ಮುಗಿಸಿ ಬಂದು ನನ್ನ ಮೇಜಿನ ಮುಂದೆ ನಿಂತ. ಅವನ ಅಂಗೈ ತುಂಬ ಎರಕದ ಚೂಪು ಅಂಚು ತಾಗಿದ ಗೀರುಗಳಿದ್ದವು. ಹಿರಿಯ ಗ್ರೈಂಡಿಂಗ್ ಆಪರೇಟರ್ ಒಬ್ಬರು ವಾರದಿಂದ ಅವನ ಕೈಗವಸು ಬಚ್ಚಿಡುತ್ತಿದ್ದರು, ಅವನ ಊರನ್ನೂ ಮಾತನ್ನೂ ಹಿಡಿದು ಎಲ್ಲರೆದುರು ಹೀಯಾಳಿಸುತ್ತಿದ್ದರು.

"ಹಿರ್‍ಯಾರು ಅದಾರ, ಚಾಷ್ಟಿ ಮಾಡಿರತಾರ. ಮನಸ್ಸಿಗೆ ಹಚ್ಕೋಬ್ಯಾಡ ತಮ್ಮಾ" ಎಂದು ಹೇಳಿ ಕಳಿಸಿದ ನಾನು, ಮರುದಿನ ಅವನನ್ನು ರಾತ್ರಿ ಪಾಳಿಗೆ ಹಾಕಿದೆ. ಪಾಳಿಗೆ ಅತಿ ಹೆಚ್ಚು ಎರಕ ತೆಗೆಯುತ್ತಿದ್ದವರು ಆ ಆಪರೇಟರೇ ಆಗಿದ್ದರಿಂದ, ತಿಂಗಳ ಕೊನೆಯ ಡಿಸ್ಪ್ಯಾಚ್ ಹೊತ್ತಿನಲ್ಲಿ ಅವರನ್ನು ಎದುರು ಹಾಕಿಕೊಳ್ಳಲು ನಾನು ಹೆದರಿದ್ದೆ. "ಸರ್, ತಪ್ಪು ನಂದ ಏನ್ರಿ?" ಎಂದು ಹುಡುಗ ಕೇಳಿದ. ಹದಿನೈದು ದಿನಗಳಲ್ಲಿ "ಮನೆಯ ಕಾರಣ" ಎಂದು ಬರೆದು ಕೆಲಸ ಬಿಟ್ಟ.

ಆಪರೇಟರ್ ಇನ್ನೊಬ್ಬ ಹುಡುಗನ ಬೆನ್ನು ಹತ್ತಲು ತಡವಾಗಲಿಲ್ಲ. ದೂರು ಕೊಟ್ಟವನೇ ಜಾಗ ಖಾಲಿ ಮಾಡಬೇಕೆಂಬುದನ್ನು ಇಡೀ ವಿಭಾಗಕ್ಕೆ ಕಲಿಸಿದವನು ನಾನೇ ಆಗಿದ್ದೆ.

ಈ ಎರಡನೇ ಹುಡುಗನ ಸಲ ಇಬ್ಬರನ್ನೂ ಎದುರುಬದುರು ಕೂಡಿಸಿ ರಾಜಿ ಪಂಚಾಯಿತಿ ಮಾಡಲಿಲ್ಲ; ಹಾಗೆ ಕೂಡಿಸಿದರೆ ಕಿರಿಯವನು ಎಲ್ಲದಕ್ಕೂ ಹೂಂ ಎಂದು ಎದ್ದುಹೋಗುತ್ತಾನೆ. ಹುಡುಗನ ಮಾತನ್ನು, ಆಪರೇಟರ ಮಾತನ್ನು, ಅಕ್ಕಪಕ್ಕದ ಯಂತ್ರದವರ ಮಾತನ್ನು ಬೇರೆ ಬೇರೆಯಾಗಿ ಕೇಳಿ, ದಿನ, ಹೊತ್ತು, ಆಡಿದ ಮಾತು ಇವನ್ನೆಲ್ಲ ಬರೆದು, ಅವರವರಿಗೆ ಓದಿ ಹೇಳಿ ಸಹಿ ಮಾಡಿಸಿಕೊಂಡು ಕಾರ್ಖಾನೆಯ ಮ್ಯಾನೇಜರ ಮುಂದಿಟ್ಟೆ. ಲಿಖಿತ ಎಚ್ಚರಿಕೆಯೊಂದಿಗೆ ಆಪರೇಟರನ್ನು ಬೇರೆ ವಿಭಾಗಕ್ಕೆ ಕಳಿಸಲಾಯಿತು, ಹುಡುಗ ತನ್ನ ಯಂತ್ರದಲ್ಲೇ ಉಳಿದ. ಕೆಲವು ದಿನ ಉತ್ಪಾದನೆ ಇಳಿದದ್ದು ನಿಜ. ಆ ಬೆಲೆಯನ್ನು ಮೊದಲ ಸಲವೇ ತೆರಬೇಕಿತ್ತು.

ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಿದೆ: ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಕೈಗವಸು ಕಳೆದುಕೊಂಡ ಹುಡುಗನ ದೂರು ಆ ಸಮಿತಿಯ ಮುಂದೆ ಹೋಗುವುದಿಲ್ಲ. ಅದು ಮೇಲ್ವಿಚಾರಕನ ಮೇಜಿಗೇ ಬರುತ್ತದೆ, ಅಲ್ಲಿ ತಳ್ಳಿಹಾಕಿದರೆ ಅವನಿಗೆ ಸುಲಭವಾದ ಇನ್ನೊಂದು ಬಾಗಿಲು ಇರುವುದಿಲ್ಲ.

ಈಗ ಹೊಸಬರು ಯಾರೇ "ಮನೆಯ ಕಾರಣ" ಎಂದು ಬರೆದ ರಾಜೀನಾಮೆ ತಂದರೂ, ಸಹಿ ಹಾಕುವ ಮೊದಲು ಬಾಗಿಲು ಮುಂದೆ ಮಾಡಿ, ಯಾರ ಪಕ್ಕದ ಯಂತ್ರದಲ್ಲಿ ನಿಲ್ಲುತ್ತಿದ್ದೆ ಎಂದು ಕೇಳುತ್ತೇನೆ.