ಮರಳಿಗಿಳಿಯುವ 13ಬಿ ಒಳಗೆ ಏನೇನು ಹಾಕಬೇಕು

ಅಮೆರಿಕದ ಮರಳುಗಾಡಿನ ಬಗ್ಗಿಗಳಲ್ಲಿ ಫೋಕ್ಸ್‌ವ್ಯಾಗನ್ ಎಂಜಿನ್ ಕಿತ್ತು ಮಾಜ್ದಾದ 13ಬಿ ರೋಟರಿ ಎಂಜಿನ್ (ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುವಂಥದ್ದು) ಕೂರಿಸುವುದು ಹಳೆಯ ಚಟ. ಎರಡು ರೋಟರ್, 1308 ಸಿಸಿ, ಹಿಡಿಯುವ ಜಾಗ ಕಮ್ಮಿ. ಆದರೆ ರೇಸ್ ಟ್ರ್ಯಾಕಿನ ಪಾರ್ಟ್ಸ್ ಪಟ್ಟಿ ಇಲ್ಲಿಗೆ ಒಗ್ಗಲ್ಲ. ಇಲ್ಲಿ ಎಂಜಿನ್ ಸಾಯುವುದು ಧೂಳಿಗೆ, ಕಾವಿಗೆ.

ಮೊದಲ ದುಡ್ಡು ಸೈಡ್ ಹೌಸಿಂಗಿಗೆ, ಅಂದರೆ ರೋಟರಿನ ಎರಡೂ ಮಗ್ಗುಲು ಮುಚ್ಚುವ ತಟ್ಟೆಗಳಿಗೆ. ಸೈಡ್ ಸೀಲ್ (ರೋಟರಿನ ಮಗ್ಗುಲಲ್ಲಿ ಕೂರುವ ತೆಳು ಪಟ್ಟಿ) ಉಜ್ಜಿದ ಜಾಗದ ಮೇಲೆ ಉಗುರು ಎಳೆಯಿರಿ. ತಡೆದರೆ ಡಯಲ್ ಗೇಜ್ ಇಟ್ಟು ಅಳೆಯಿರಿ: ಮೆಟ್ಟಿಲಿನಂಥ ಸವೆತ 0.10 ಮಿ.ಮೀ. ದಾಟಿದ್ದರೆ, ಇಲ್ಲವೇ ಬಾಗು 0.04 ದಾಟಿದ್ದರೆ ಹಾಗೇ ಹಾಕಬೇಡಿ. ಲ್ಯಾಪಿಂಗ್ ಮಾಡಿಸಿ ಉಜ್ಜಿ ಸಮ ಮಾಡಬಹುದು, ಆದರೆ ಮೇಲಿನ ಗಟ್ಟಿ ನೈಟ್ರೈಡ್ ಪದರ ಹೋಗುತ್ತದೆ, ಸವೆತ ಬೇಗ ಮರಳುತ್ತದೆ. ರೋಟರನ್ನು ಸುತ್ತುವರಿದ ರೋಟರ್ ಹೌಸಿಂಗಿನಲ್ಲಿ ಪ್ಲಗ್ ತೂತಿನ ಸುತ್ತ, ಅಂಚಿನುದ್ದಕ್ಕೂ ಕ್ರೋಮ್ ಎದ್ದಿದೆಯೇ ನೋಡಿ. ಅಂಚು ಒರಟಾಗಿದ್ದರೆ ಹೊಸ ಸೀಲನ್ನೂ ಅದು ತಿನ್ನುತ್ತದೆ.

ಪೋರ್ಟ್, ಅಂದರೆ ಗಾಳಿ ಒಳಬರುವ ಕಿಂಡಿಯ ವಿಷಯದಲ್ಲಿ ಆಸೆ ಬೇಡ. ಬ್ರಿಡ್ಜ್ ಪೋರ್ಟ್ (ಪಕ್ಕದಲ್ಲಿ ಇನ್ನೊಂದು ಕಿಂಡಿ ಕೊರೆದದ್ದು) ಮೇಲಿನ ಆರ್‌ಪಿಎಂನಲ್ಲಿ ಹಾಡುತ್ತದೆ, ದಿಣ್ಣೆ ಹತ್ತುವಾಗ ಕೆಳಗೆ ದಮ್ಮೇ ಇರಲ್ಲ. ಕಂಪನಿ ಕೊಟ್ಟ ಸ್ಟಾಕ್ ಪೋರ್ಟ್, ಹೆಚ್ಚೆಂದರೆ ಅದನ್ನೇ ಹದವಾಗಿ ಹಿಗ್ಗಿಸಿದ ಸ್ಟ್ರೀಟ್ ಪೋರ್ಟ್ ಸಾಕು. 1986-88ರ ಟರ್ಬೊ ಇಲ್ಲದ ಆರು ಪೋರ್ಟಿನ ಎಂಜಿನ್ ತೆಗೆದುಕೊಂಡಿದ್ದರೆ ಒಂದು ಮಾತು: ಆ ಹೆಚ್ಚುವರಿ ಪೋರ್ಟ್‌ಗಳ ಸ್ಲೀವ್ ತಿರುಗುವುದು ಎಕ್ಸಾಸ್ಟಿನ ಒತ್ತಡದಿಂದ. ಬಗ್ಗಿಗೆ ತೆರೆದ ಪೈಪ್ ಹಾಕಿದಿರೋ, ಆ ಒತ್ತಡ ಸಿಗದೆ ಅವು ಮುಚ್ಚಿಯೇ ಇರುತ್ತವೆ.

ರೋಟರ್: ಟರ್ಬೊ ಇಲ್ಲದಿದ್ದರೆ 9.4 ಅಥವಾ 1989-91ರ 9.7 ಕಂಪ್ರೆಶನ್ನಿನದು. ಅಗ್ಗಕ್ಕೆ ಸಿಕ್ಕಿತೆಂದು 8.5ರ ಟರ್ಬೊ ರೋಟರ್ ಹಾಕಿದರೆ ಎಂಜಿನ್ ಮಂಕು. ಯಾವ ವರ್ಷದ ರೋಟರೋ ಅದೇ ವರ್ಷದ ಕೌಂಟರ್‌ವೇಟ್ (ಸಮತೋಲನದ ತೂಕ), ಮುಂದೆಯೂ ಹಿಂದೆಯೂ. ತಪ್ಪಿದರೆ ನಡುಕ ಬೇರಿಂಗ್ ತಿನ್ನುತ್ತದೆ.

ರೋಟರಿನ ಮೂಲೆತುದಿಯಲ್ಲಿ ಕೂರುವ ಏಪೆಕ್ಸ್ ಸೀಲ್ ಆರು ಬೇಕು. ಕಂಪನಿಯ 2 ಮಿ.ಮೀ. ಎರಕದ ಸೀಲ್ ಹೌಸಿಂಗಿಗೆ ಮೃದು, ನಾಕಿಂಗ್ (ಇಂಧನ ಹತೋಟಿ ತಪ್ಪಿ ಸಿಡಿಯುವುದು) ಬಂದರೆ ಮಾತ್ರ ಚೂರಾಗುತ್ತದೆ. ಮಾರುಕಟ್ಟೆಯ ಸ್ಟೀಲ್ ಸೀಲ್ ಒಡೆಯುವ ಬದಲು ಬಾಗುತ್ತದೆ, ಆದರೆ ಕ್ರೋಮ್ ಸವೆಸುತ್ತದೆ. ಟರ್ಬೊ ಇಲ್ಲದ ಬಗ್ಗಿಗೆ ಕಂಪನಿಯದೇ ಸರಿ. ಹಳೆಯದನ್ನು ಮತ್ತೆ ಹಾಕುವುದಾದರೆ ಎತ್ತರ ಅಳೆಯಿರಿ: ಹೊಸದರಲ್ಲಿ 8.0, ಮಿತಿ 6.5 ಮಿ.ಮೀ. ಸೀಲ್ ಮತ್ತು ಅದು ಕೂರುವ ತೋಡಿನ ನಡುವಿನ ಸಂದು 0.15 ದಾಟಿದ್ದರೆ ರೋಟರನ್ನೇ ಬದಲಿಸಿ.

ತಾಳ್ಮೆ ಕೇಳುವುದು ಸೈಡ್ ಸೀಲ್. ಹನ್ನೆರಡೂ ಸೀಲನ್ನು ಒಂದೊಂದಾಗಿ ಅದರದೇ ತೋಡಿನಲ್ಲಿಟ್ಟು, ಮೂಲೆಯಲ್ಲಿ ಕೂರುವ ಕಾರ್ನರ್ ಸೀಲಿನ ದುಂಡಿಗೆ ಹೊಂದುವಂತೆ ತುದಿ ಅರದಲ್ಲಿ ಉಜ್ಜಿ, ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ. ಪುಸ್ತಕದ ಅಳತೆ 0.05ರಿಂದ 0.15. ಮರಳಿನ ಕೆಲಸಕ್ಕೆ 0.08ರ ಆಸುಪಾಸು ಹಿತ. ತೀರಾ ಬಿಗಿಯಾದರೆ ಕಾವೇರಿದಾಗ ಸೀಲ್ ಹಿಗ್ಗಿ ಸಿಕ್ಕಿಕೊಳ್ಳುತ್ತದೆ, ಸಡಿಲವಾದರೆ ತಣ್ಣಗಿದ್ದಾಗ ಎಂಜಿನ್ ಹಿಡಿಯಲ್ಲ.

ಎಂಜಿನ್ನಿನ ಮುಖ್ಯ ಶಾಫ್ಟಿನ ಮುಂತುದಿಯ ಥರ್ಮಲ್ ಪೆಲೆಟ್ (ಕಾವಿಗೆ ತಕ್ಕಂತೆ ಎಣ್ಣೆಯ ಹರಿವು ಬದಲಿಸುವ ತುಣುಕು) ತೆಗೆದು ಗಟ್ಟಿ ಪ್ಲಗ್ ಹಾಕಿ. ಪೆಲೆಟ್ ಕೆಟ್ಟರೆ ರೋಟರಿಗೆ ಹೋಗುವ ಎಣ್ಣೆಯೇ ಕಮ್ಮಿಯಾಗುತ್ತದೆ. ಎಣ್ಣೆಯ ಸಂಪ್ ಒಳಗೆ ಬ್ಯಾಫಲ್ (ಎಣ್ಣೆ ಅಲುಗಿ ಒಂದೆಡೆ ಸೇರದಂತೆ ತಡೆಯುವ ತಗಡು) ಕಡ್ಡಾಯ.

ಕೊನೆಗೆ ಎಂಡ್ ಪ್ಲೇ, ಅಂದರೆ ಶಾಫ್ಟ್ ಹಿಂದೆ ಮುಂದೆ ಆಡುವ ಅಳತೆ: 0.04ರಿಂದ 0.07 ಮಿ.ಮೀ. ಹೊಂದದಿದ್ದರೆ ಬೇರೆ ಅಳತೆಯ ಸ್ಪೇಸರ್. ಮುಂದಿನ ಬೋಲ್ಟ್ ಬಿಗಿಯುವಾಗ ಎಂಜಿನ್ನಿನ ಮೂತಿ ಮೇಲಿರಲಿ, ಆ ಆಟವನ್ನು ತಡೆಯುವ ಸೂಜಿಗಳ ಥ್ರಸ್ಟ್ ಬೇರಿಂಗಿಗೆ ಗ್ರೀಸ್ ಮೆತ್ತಿರಲಿ. ಬೇರಿಂಗ್ ಜಾರಿ ಸ್ಪೇಸರಿನ ಅಂಚಿಗೆ ಸಿಕ್ಕರೆ ಸೂಜಿಗಳೆಲ್ಲ ಜಜ್ಜಿಹೋಗುತ್ತವೆ. ಬಿಗಿದ ಮೇಲೆ ಶಾಫ್ಟ್ ಕೈಯಲ್ಲಿ ಹಿಂದೆ ಮುಂದೆ ಒಂಚೂರೂ ಆಡದಿದ್ದರೆ ಮತ್ತೆ ಬಿಚ್ಚಿ.