ಗ್ರಿನೆಲ್‌ನ ಸುಗ್ಗಿ

ನಮ್ಮ ಕಾಲೇಜಿನಲ್ಲಿ ಪಿಯುಸಿ ಮುಗಿಸಿ ನಾನು ಪದವಿಗೆ ಹೋದದ್ದು ಅಮೆರಿಕದ ಅಯೋವಾ ರಾಜ್ಯದ ಗ್ರಿನೆಲ್‌ಗೆ. ಅದು 1854ರಲ್ಲಿ ಹುಟ್ಟಿದ ಊರು. ಜನ ಹತ್ತು ಸಾವಿರವೂ ಇಲ್ಲ. ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ, ಸೋಯಾ. ಎದುರಿಗೆ ಬರುವ ಗಾಡಿಯವರು ಗುರುತಿಲ್ಲದಿದ್ದರೂ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತಿ ನಮಸ್ಕಾರ ಹೇಳುತ್ತಾರೆ.

ಅಕ್ಟೋಬರ್ ಬಂತೆಂದರೆ ಕೊಯ್ಲಿನ ಯಂತ್ರಗಳು ರಾತ್ರಿಯೂ ನಿಲ್ಲುವುದಿಲ್ಲ. ಧಾನ್ಯ ಕೊಂಡು, ಒಣಗಿಸಿ, ತುಂಬಿಡುವ ಎತ್ತರದ ಕಣಜಗಳ ಮುಂದೆ ಲಾರಿಗಳ ಸಾಲು. ಗೆಳೆಯನ ತಂದೆಯ ಜೊತೆ ನಾನೂ ಒಮ್ಮೆ ಹೋಗಿದ್ದೆ. ಲಾರಿ ತೂಕವಾಯಿತು. ಉದ್ದನೆಯ ಕೊಳವೆಯೊಂದು ರಾಶಿಯೊಳಗೆ ಇಳಿದು ಒಂದಿಷ್ಟು ಕಾಳು ಎಳೆದುಕೊಂಡಿತು. ತೇವಾಂಶ ಶೇ. 15ರ ಆಸುಪಾಸು ಇರಬೇಕು, ಜಾಸ್ತಿಯಾದರೆ ದುಡ್ಡು ಕಡಿತ. ಅಂಕಿ ಬರುವ ತನಕ ಅವರು ಮಾತೇ ಆಡಲಿಲ್ಲ. ದಾವಣಗೆರೆಯ ಎಪಿಎಂಸಿಯಲ್ಲಿ ನಮ್ಮಪ್ಪನೂ ಹೀಗೇ ನಿಲ್ಲುತ್ತಿದ್ದರು. ಯಂತ್ರ ಎಷ್ಟೇ ದೊಡ್ಡದಿರಲಿ, ರೈತನ ಎದೆಬಡಿತ ಒಂದೇ ಅಲ್ವಾ?

ಆ ಊರಲ್ಲಿ ರೈತನಿಗೆ ಇರುವ ಮರ್ಯಾದೆ ದೊಡ್ಡದು. ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ನಾಯ್ಸ್ ಬೆಳೆದದ್ದು, ಓದಿದ್ದು ಗ್ರಿನೆಲ್‌ನಲ್ಲೇ. 1948ರಲ್ಲಿ ಹಾಸ್ಟೆಲ್ಲಿನ ಔತಣಕ್ಕೆಂದು ಅವರು ಗೆಳೆಯನ ಜೊತೆ ಸೇರಿ ಹಂದಿಮರಿಯೊಂದನ್ನು ಕದ್ದರು. ಮರಿ ಊರಿನ ಮೇಯರ್‌ದು. ಹುಡುಗಾಟ ಎಂದು ಯಾರೂ ಬಿಡಲಿಲ್ಲ. ಹಂದಿ ಸಾಕಿ ಬದುಕುವ ಸೀಮೆ ಅದು. ಕಾಲೇಜು ಅವರನ್ನು ಒಂದು ಸೆಮಿಸ್ಟರ್ ಹೊರಗಿಟ್ಟಿತು. ಆದರೆ ಕೈಬಿಡಲೂ ಇಲ್ಲ. ಭೌತಶಾಸ್ತ್ರದ ಗ್ರಾಂಟ್ ಗೇಲ್ ಮೇಷ್ಟ್ರು ಹುಡುಗನ ಪರ ನಿಂತರು. ನಾಯ್ಸ್ ವಾಪಸ್ ಬಂದು 1949ರಲ್ಲಿ ಪದವಿ ಮುಗಿಸಿದರು. ಅವರಿಗೆ ಟ್ರಾನ್ಸಿಸ್ಟರ್‌ನ, ಅಂದರೆ ಚಿಪ್‌ಗಳೊಳಗಿನ ಪುಟ್ಟ ವಿದ್ಯುತ್ ಸ್ವಿಚ್ಚಿನ, ರುಚಿ ಹತ್ತಿಸಿದ್ದೂ ಅದೇ ಮೇಷ್ಟ್ರು. ತಪ್ಪಿಗೆ ತಕ್ಕ ಶಿಕ್ಷೆ ಕೊಟ್ಟು, ಮತ್ತೆ ಒಳಗೆ ಕರೆದುಕೊಂಡ ಆ ಊರಿನ ಮೇಲೆ ನನಗೆ ತುಂಬಾ ಅಭಿಮಾನ.

ಪೇಟೆಯ ಮೂಲೆಯಲ್ಲಿ 1914ರ ಬ್ಯಾಂಕ್ ಕಟ್ಟಡವಿದೆ. ಕಟ್ಟಿಸಿದ್ದು ಹೆಸರಾಂತ ವಾಸ್ತುಶಿಲ್ಪಿ ಲೂಯಿ ಸಲಿವನ್ ಕೈಯಲ್ಲಿ. ಬಾಗಿಲ ಮೇಲೆ ದೊಡ್ಡ ದುಂಡು ಕಿಟಕಿ, ಸುತ್ತಲೂ ಸುಟ್ಟ ಮಣ್ಣಿನ ಕುಸುರಿ. ಎರಡು ಪಕ್ಕ ರೆಕ್ಕೆಯ ಸಿಂಹಗಳು. ಜೋಳ ಮಾರಿದ ದುಡ್ಡು ಇಡಲು ಬರುತ್ತಿದ್ದವರಿಗೆ ಇಷ್ಟು ಚೆಂದದ ಬಾಗಿಲು!

ನಮ್ಮ ಹುಡುಗ ಹುಡುಗಿಯರು ಯಾರಾದರೂ ಆ ಕಡೆ ಓದಲು ಹೋದರೆ ಮೊದಲ ಸುಗ್ಗಿಯಲ್ಲೇ ಒಬ್ಬ ರೈತರನ್ನು ಕೇಳಿ ನೋಡಿ. ಕೊಯ್ಲಿನ ಯಂತ್ರದಲ್ಲಿ ಚಾಲಕನ ಪಕ್ಕ ಇನ್ನೊಂದು ಸೀಟು ಇರುತ್ತದೆ. ಸಂಕೋಚ ಬೇಡ, ಖುಷಿಯಿಂದ ಹತ್ತಿಸಿಕೊಳ್ಳುತ್ತಾರೆ.